ಶಿಕ್ಷಕರ ಪ್ರೇರಣೆ ಮತ್ತು ವಿದ್ಯಾರ್ಥಿಗಳ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯೊಂದರ ಫಲಿತಾಂಶ ಕುಸಿದಾಗ ‘ಶಿಕ್ಷಕರಲ್ಲಿ ಆಸಕ್ತಿಯೇ ಇಲ್ಲ’ ಎಂಬ ಮಾತು ಬಹು ಬೇಗ ಕೇಳಿಬರುತ್ತದೆ. ಫಲಿತಾಂಶ ಏರಿದಾಗ ಅದರ ಹಿಂದೆ ಯಾವ ಶಿಕ್ಷಕರ ಯಾವ ಕೆಲಸವಿತ್ತು ಎಂದು ವಿಚಾರಿಸುವವರು ಕಡಿಮೆ. ಪ್ರೇರಣೆಗೂ ಅಂಕಪಟ್ಟಿಗೂ ಸಂಬಂಧವಿರುವುದು ನಿಜ. ಆದರೆ ಶಿಕ್ಷಕರ ಮನಸ್ಸಿನಲ್ಲಿರುವುದು ತರಗತಿಯ ದೈನಂದಿನ ಕೆಲಸಗಳಾಗಿ ಮಾರ್ಪಟ್ಟಾಗಷ್ಟೇ ಅದು ಮಗುವನ್ನು ತಲುಪುತ್ತದೆ. ಪೋಷಕರು, ಶಿಕ್ಷಕರು ಮತ್ತು ಶಾಲೆ ನಡೆಸುವವರು ಈ ವಿಷಯವಾಗಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಶಿಕ್ಷಕರ ಪ್ರೇರಣೆ ಎಂದರೆ ಏನು? ಅದು ಉತ್ಸಾಹವೇ, ತೃಪ್ತಿಯೇ?

ಬೋಧನೆಗೆ ತೊಡಗಲು, ಅದರಲ್ಲಿ ಶ್ರಮ ಹಾಕಲು ಮತ್ತು ಅಡ್ಡಿಗಳು ಎದುರಾದಾಗಲೂ ಕೈಬಿಡದೆ ಮುಂದುವರಿಯಲು ಶಿಕ್ಷಕರನ್ನು ನಡೆಸುವ ಕಾರಣಗಳನ್ನು ಒಟ್ಟಾಗಿ ಪ್ರೇರಣೆ ಎನ್ನುತ್ತೇವೆ. ಉತ್ಸಾಹವು ಅದರ ಹೊರಗೆ ಕಾಣುವ ಒಂದು ಮುಖ ಮಾತ್ರ. ಮೃದುವಾಗಿ ಮಾತನಾಡುವ, ಯಾವ ಆಡಂಬರವೂ ಇಲ್ಲದ ಶಿಕ್ಷಕರೊಬ್ಬರು ಪ್ರತಿದಿನ ನಲವತ್ತು ನೋಟ್‌ಬುಕ್‌ಗಳನ್ನು ಓದಿ, ತಪ್ಪು ಎಲ್ಲಿ ಹುಟ್ಟಿತೆಂದು ಗುರುತಿಸಿ ಬರೆಯುತ್ತಿದ್ದರೆ ಅವರ ಪ್ರೇರಣೆಯ ಬಗ್ಗೆ ಸಂದೇಹಪಡಲು ಕಾರಣವಿಲ್ಲ. ಕೆಲಸದ ತೃಪ್ತಿಯೂ ಬೇರೆ ಸಂಗತಿಯೇ: ಸಂಬಳ, ರಜೆ, ಮನೆಗೆ ಹತ್ತಿರದ ಶಾಲೆ ಇವುಗಳಿಂದ ತೃಪ್ತರಾಗಿದ್ದೂ ಪಾಠದಲ್ಲಿ ಮನಸ್ಸಿಲ್ಲದವರು ಇರಬಹುದು, ವ್ಯವಸ್ಥೆಯ ಬಗ್ಗೆ ತೀವ್ರ ಅಸಮಾಧಾನವಿದ್ದೂ ಮಕ್ಕಳಿಗಾಗಿ ದುಡಿಯುವವರೂ ಇರುತ್ತಾರೆ.

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1980ರ ದಶಕದಿಂದ ಬೆಳೆಸಿದ ಸಿದ್ಧಾಂತವು ಈ ವಿಷಯದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ ಮನುಷ್ಯನು ತಾನಾಗಿಯೇ ಕೆಲಸದಲ್ಲಿ ತೊಡಗಬೇಕಾದರೆ ಮೂರು ಅಗತ್ಯಗಳು ಪೂರೈಕೆಯಾಗಬೇಕು: ತನ್ನ ಕೆಲಸದ ಬಗ್ಗೆ ತಾನೇ ತೀರ್ಮಾನಿಸುವ ಅವಕಾಶ, ಆ ಕೆಲಸ ತನ್ನಿಂದ ಆಗುತ್ತದೆ ಎಂಬ ಅನುಭವ, ಮತ್ತು ಸುತ್ತಲಿನವರೊಂದಿಗೆ ಬಾಂಧವ್ಯ. ಆಂತರಿಕ ಮತ್ತು ಬಾಹ್ಯ ಪ್ರೇರಣೆಗಳನ್ನು ಎರಡು ವಿರುದ್ಧ ಧ್ರುವಗಳೆಂದು ತಿಳಿಯಬೇಕಿಲ್ಲ ಎಂದೂ ಇದೇ ಸಿದ್ಧಾಂತ ಹೇಳುತ್ತದೆ. ನೋಟ್‌ಬುಕ್ ತಿದ್ದುವುದು ಯಾರಿಗೂ ಮನರಂಜನೆಯಲ್ಲ. ಆದರೂ ‘ಇದು ಮಗುವಿಗೆ ಬೇಕು’ ಎಂದು ಮನಗಂಡು ತಿದ್ದುವವರಿಗೂ, ತಪಾಸಣೆಗೆ ಹೆದರಿ ತಿದ್ದುವವರಿಗೂ ನಡುವಿನ ವ್ಯತ್ಯಾಸ ಆ ನೋಟ್‌ಬುಕ್‌ನ ಪುಟದಲ್ಲೇ ಕಾಣಿಸುತ್ತದೆ.

ಶಿಕ್ಷಕರ ಮನಸ್ಸಿನಲ್ಲಿರುವ ಪ್ರೇರಣೆ ಮಗುವಿನ ಕಲಿಕೆಗೆ ತಲುಪುವುದು ಯಾವ ದಾರಿಯಲ್ಲಿ?

ಇದು ಈ ಪುಟದ ಮುಖ್ಯ ಪ್ರಶ್ನೆ. ಕನಿಷ್ಠ ನಾಲ್ಕು ದಾರಿಗಳನ್ನು ಖಚಿತವಾಗಿ ಗುರುತಿಸಬಹುದು, ಮತ್ತು ಅವು ಒಂದರೊಳಗೊಂದು ಹೆಣೆದುಕೊಂಡಿವೆ.

ಮೊದಲನೆಯದು ಸಮಯ. ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷದ ಅವಧಿ ಎಂದು ಬರೆದಿದ್ದರೂ ನಿಜವಾಗಿ ಪಾಠ ನಡೆಯುವುದು ಎಷ್ಟು ನಿಮಿಷ ಎಂಬುದು ಶಿಕ್ಷಕರ ಮೇಲೆ ಬಹುಮಟ್ಟಿಗೆ ನಿಂತಿದೆ. ಸಿದ್ಧತೆಯಿಲ್ಲದೆ ಬಂದಾಗ ಹಾಜರಿ, ಗದ್ದಲ ನಿಲ್ಲಿಸುವುದು, ಪುಸ್ತಕ ಹುಡುಕುವುದು, ಬೋರ್ಡಿನ ಮೇಲಿದ್ದುದನ್ನು ನಕಲು ಮಾಡಿಸುವುದು ಇವುಗಳಲ್ಲೇ ಅರ್ಧ ಅವಧಿ ಕಳೆದುಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಹೀಗೆ ಸೋರಿದರೂ 200 ದಿನಗಳ ಶಾಲಾ ವರ್ಷದಲ್ಲಿ ಅದು 2000 ನಿಮಿಷ, ಅಂದರೆ ಐವತ್ತು ಪೂರ್ಣ ಅವಧಿಗಳು.

ಎರಡನೆಯದು ತಾಳ್ಮೆ. ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಕಾರಣ ಕೊಡುವ ಉತ್ತರಗಳು ಹೆಚ್ಚಿದವು, ಸಾಮಾನ್ಯವಾಗಿ ಮೌನವಾಗಿರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ಎರಡು ಸೆಕೆಂಡ್ ಹೆಚ್ಚು ಕಾಯಲು ಹಣವೂ ಬೇಡ, ಉಪಕರಣವೂ ಬೇಡ. ಆದರೆ ಎದುರಿಗಿರುವ ಮಗುವಿನ ಉತ್ತರ ಏನಿರಬಹುದೆಂಬ ಕುತೂಹಲ ಶಿಕ್ಷಕರಲ್ಲಿ ಇರಬೇಕು, ಮತ್ತು ಆ ಕುತೂಹಲ ದಿನದ ಆರನೆಯ ಅವಧಿಯವರೆಗೂ ಉಳಿದಿರಬೇಕು. ಪ್ರೇರಣೆಯ ಚರ್ಚೆಯಲ್ಲಿ ಇಂತಹ ಸಣ್ಣ ನಡವಳಿಕೆಗಳಿಗೆ ದೊಡ್ಡ ಯೋಜನೆಗಳಿಗಿಂತ ಹೆಚ್ಚಿನ ಗಮನ ಸಿಗಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮೂರನೆಯದು ಹಿಮ್ಮಾಹಿತಿ. ‘ತಪ್ಪು’ ಎಂದು ಅಡ್ಡಗೆರೆ ಎಳೆಯುವುದಕ್ಕೂ, ‘ಭಿನ್ನರಾಶಿಗಳನ್ನು ಕೂಡುವ ಮೊದಲು ಛೇದವನ್ನು ಸಮ ಮಾಡಿಕೊಂಡಿಲ್ಲ, ಎರಡನೆಯ ಹೆಜ್ಜೆಯಿಂದ ಮತ್ತೆ ಮಾಡು’ ಎಂದು ಬರೆಯುವುದಕ್ಕೂ ಹಿಡಿಯುವ ಸಮಯದಲ್ಲಿ ಕೆಲವೇ ಸೆಕೆಂಡುಗಳ ಅಂತರವಿದೆ, ಆದರೆ ಮಗುವಿನ ಪಾಲಿಗೆ ಮೊದಲನೆಯದು ತೀರ್ಪು, ಎರಡನೆಯದು ಪಾಠ.

ನಾಲ್ಕನೆಯದು ಭಾವನೆಯ ಹರಿವು. ಜರ್ಮನಿಯ ಗಣಿತ ತರಗತಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಆನ್ನೆ ಫ್ರೆಂಜೆಲ್ ಮತ್ತು ಸಂಗಡಿಗರ ಅಧ್ಯಯನವು, ಬೋಧನೆಯಲ್ಲಿ ಶಿಕ್ಷಕರು ಪಡುವ ಸಂತೋಷಕ್ಕೂ ಮಕ್ಕಳು ಆ ವಿಷಯದಲ್ಲಿ ಪಡುವ ಸಂತೋಷಕ್ಕೂ ಸಂಬಂಧವಿದೆ, ಮತ್ತು ಆ ಸಂತೋಷವು ಪಾಠದಲ್ಲಿ ಶಿಕ್ಷಕರು ತೋರುವ ಉತ್ಸಾಹದ ಮೂಲಕ ಮಕ್ಕಳಿಗೆ ದಾಟುತ್ತದೆ ಎಂದು ತೋರಿಸಿತು. ವಿಷಯದ ಮೇಲೆ ಪ್ರೀತಿ ಹುಟ್ಟಿದ ಮಗು ಮನೆಯಲ್ಲೂ ಪುಸ್ತಕ ತೆರೆಯುತ್ತದೆ. ಅಂಕಗಳು ಆಮೇಲೆ ಬರುತ್ತವೆ.

ಶಿಕ್ಷಕರ ನಿರೀಕ್ಷೆ ಮಾತ್ರದಿಂದಲೇ ಮಗು ಹೆಚ್ಚು ಕಲಿಯುತ್ತದೆ ಎಂಬುದು ನಿಜವೇ?

ಸ್ವಲ್ಪಮಟ್ಟಿಗೆ ನಿಜ, ಆದರೆ ಜನಪ್ರಿಯ ಭಾಷಣಗಳಲ್ಲಿ ಹೇಳುವಷ್ಟಲ್ಲ. ರಾಬರ್ಟ್ ರೊಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರ ಸುಮಾರು ಐದನೆಯ ಒಂದು ಭಾಗ ಮಕ್ಕಳನ್ನು ಯಾದೃಚ್ಛಿಕವಾಗಿ ಆರಿಸಿ, ಇವರು ಈ ವರ್ಷ ಬುದ್ಧಿಶಕ್ತಿಯಲ್ಲಿ ವೇಗವಾಗಿ ಬೆಳೆಯುತ್ತಾರೆಂದು ಶಿಕ್ಷಕರಿಗೆ ತಿಳಿಸಲಾಯಿತು. ವರ್ಷದ ಕೊನೆಯಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ಆ ಮಕ್ಕಳ ಬುದ್ಧಿಸೂಚ್ಯಂಕ ಇತರರಿಗಿಂತ ಸ್ಪಷ್ಟವಾಗಿ ಏರಿತ್ತು; ಮೇಲಿನ ತರಗತಿಗಳಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗದ ವಿಧಾನದ ಬಗ್ಗೆ ಆಗಲೇ ತೀವ್ರ ಟೀಕೆ ಬಂತು. ನಂತರದ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಸ್ಟೀಫನ್ ರಾಡನ್‌ಬುಷ್ 1984ರಲ್ಲಿ ಒಂದು ಮುಖ್ಯ ಅಂಶವನ್ನು ಎತ್ತಿ ತೋರಿಸಿದರು: ಶಿಕ್ಷಕರಿಗೆ ಮಕ್ಕಳ ಪರಿಚಯ ಎರಡು ವಾರಕ್ಕಿಂತ ಹೆಚ್ಚಾಗಿದ್ದಾಗ, ಹೊರಗಿನಿಂದ ಕೊಟ್ಟ ಇಂತಹ ಮಾಹಿತಿಯ ಪರಿಣಾಮ ಬಹುತೇಕ ಕಾಣೆಯಾಗುತ್ತಿತ್ತು.

ಇದರಿಂದ ಉಪಯುಕ್ತ ತಿಳಿವಳಿಕೆಯೊಂದು ಸಿಗುತ್ತದೆ. ಮಗುವಿನ ಬಗ್ಗೆ ಶಿಕ್ಷಕರ ಅಭಿಪ್ರಾಯ ರೂಪುಗೊಳ್ಳುವುದು ವರ್ಷದ ಮೊದಲ ಕೆಲವು ದಿನಗಳಲ್ಲಿ. ಹಿಂದಿನ ತರಗತಿಯವರು ಹೇಳಿಕಳಿಸುವ ‘ಈ ಹುಡುಗನಿಂದ ಏನೂ ಆಗುವುದಿಲ್ಲ’ ಎಂಬ ಮಾತು ಹೆಚ್ಚು ಹಾನಿ ಮಾಡುವುದು ಆ ದಿನಗಳಲ್ಲಿಯೇ. ನಿರೀಕ್ಷೆಯೂ ಕೆಲಸಗಳ ಮೂಲಕವೇ ಸಾಗುತ್ತದೆ: ಹೆಚ್ಚು ನಿರೀಕ್ಷೆಯಿರುವ ಮಗುವಿಗೆ ಕಠಿಣ ಪ್ರಶ್ನೆ, ಉತ್ತರಿಸಲು ಹೆಚ್ಚು ಸಮಯ, ಎಡವಿದಾಗ ಇನ್ನೊಂದು ಸುಳಿವು ಸಿಗುತ್ತವೆ, ಕಡಿಮೆ ನಿರೀಕ್ಷೆಯಿರುವ ಮಗುವಿನ ಸರದಿ ಬೇಗ ಮುಗಿಯುತ್ತದೆ.

ಪ್ರೇರಣೆ ಇದ್ದರೆ ಸಾಕೇ? ವಿಷಯಜ್ಞಾನ ಮತ್ತು ಬೋಧನಾ ಕೌಶಲಗಳ ಪಾತ್ರವೇನು?

ಸಾಕಾಗುವುದಿಲ್ಲ. ದಶಮಾಂಶ ಪದ್ಧತಿಯನ್ನು ಸ್ವತಃ ಅರಿಯದವರು ಎಷ್ಟೇ ಪ್ರೀತಿಯಿಂದ ಕಲಿಸಿದರೂ ಮಗುವಿಗೆ ದಶಮಾಂಶ ಬರುವುದಿಲ್ಲ. ಆದರೆ ಇವೆರಡೂ ಪ್ರತ್ಯೇಕ ಖಾತೆಗಳಲ್ಲ. ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ ಸ್ವಸಾಮರ್ಥ್ಯದ ನಂಬಿಕೆ, ಅಂದರೆ ಈ ಕೆಲಸವನ್ನು ನಾನು ಮಾಡಿ ಮುಗಿಸಬಲ್ಲೆ ಎಂಬ ಭರವಸೆ, ಮುಖ್ಯವಾಗಿ ಹುಟ್ಟುವುದು ಹಿಂದೆ ಮಾಡಿ ಗೆದ್ದ ಅನುಭವದಿಂದ. ಕೌಶಲ ಬೆಳೆದಂತೆ ಗೆಲುವು, ಗೆಲುವಿನಿಂದ ನಂಬಿಕೆ, ನಂಬಿಕೆಯಿಂದ ಇನ್ನಷ್ಟು ಪ್ರಯತ್ನ. ಹಾಗಾಗಿ ಪ್ರೇರಣೆ ಕುಗ್ಗಿದ ಶಿಕ್ಷಕರಿಗೆ ಹುರಿದುಂಬಿಸುವ ಉಪನ್ಯಾಸಕ್ಕಿಂತ, ನಾಳೆಯ ತರಗತಿಯಲ್ಲಿ ಬಳಸಬಹುದಾದ ಒಂದು ಒಳ್ಳೆಯ ವಿಧಾನವನ್ನು ಕಲಿಸಿಕೊಡುವುದು ಹೆಚ್ಚು ಪ್ರಯೋಜನಕಾರಿ.

ತರಗತಿಗೇ ಬಂದು, ನೋಡಿ, ಸಲಹೆ ಕೊಟ್ಟು, ಮತ್ತೆ ಬಂದು ನೋಡುವ ಮಾರ್ಗದರ್ಶನ ಪದ್ಧತಿಯ ಬಗ್ಗೆ 60 ಅಧ್ಯಯನಗಳನ್ನು ಒಗ್ಗೂಡಿಸಿ ಮ್ಯಾಥ್ಯೂ ಕ್ರಾಫ್ಟ್, ಡೇವಿಡ್ ಬ್ಲೇಜರ್ ಮತ್ತು ಡಿಲನ್ ಹೋಗನ್ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬೋಧನೆಯ ಗುಣಮಟ್ಟದಲ್ಲಿ 0.49 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರಿರುತ್ತವೆ ಎಂಬುದರ ಅಳತೆಯೇ ಮಾನಕ ವಿಚಲನೆ) ಮತ್ತು ಮಕ್ಕಳ ಸಾಧನೆಯಲ್ಲಿ 0.18 ಮಾನಕ ವಿಚಲನೆಯಷ್ಟು ಏರಿಕೆ ಕಂಡುಬಂತು. ಕೌಶಲದಲ್ಲಿ ಆದ ಬದಲಾವಣೆ ಅಂಕಗಳಿಗೆ ತಲುಪುವಾಗ ಎಷ್ಟು ತೆಳುವಾಗುತ್ತದೆ ಎಂಬುದನ್ನೂ ಈ ಎರಡು ಸಂಖ್ಯೆಗಳು ತಿಳಿಸುತ್ತವೆ.

ಸಂಬಳ ಹೆಚ್ಚಿಸಿದರೆ ಮಕ್ಕಳ ಫಲಿತಾಂಶ ಸುಧಾರಿಸುವುದಿಲ್ಲವೇ?

ಸಂಬಳ ಹೆಚ್ಚಿದ ಮಾತ್ರಕ್ಕೆ, ಈಗಾಗಲೇ ಕೆಲಸದಲ್ಲಿರುವವರ ಬೋಧನೆ ಬದಲಾಗುತ್ತದೆಂದು ಹೇಳಲಾಗದು. ಇದಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆ ಇಂಡೋನೇಷ್ಯಾದ್ದು. ಅಲ್ಲಿ 2005ರ ಕಾನೂನಿನ ಪ್ರಕಾರ ಪ್ರಮಾಣೀಕರಣ ಪಡೆದ ಶಿಕ್ಷಕರ ಮೂಲವೇತನದಷ್ಟೇ ಮೊತ್ತವನ್ನು ಭತ್ಯೆಯಾಗಿ ಕೊಡಲಾಯಿತು, ಅಂದರೆ ಮೂಲವೇತನ ದುಪ್ಪಟ್ಟಾಯಿತು. ಯಾದೃಚ್ಛಿಕವಾಗಿ ಆರಿಸಿದ ಶಾಲೆಗಳಲ್ಲಿ ಈ ಏರಿಕೆಯನ್ನು ಬೇಗನೆ ಜಾರಿಗೊಳಿಸಿ, ಉಳಿದ ಶಾಲೆಗಳೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಶಿಕ್ಷಕರ ತೃಪ್ತಿ ಹೆಚ್ಚಿತು, ಹಣದ ಚಿಂತೆ ಕಡಿಮೆಯಾಯಿತು, ಬೇರೆ ಕೆಲಸ ಮಾಡುವವರ ಪ್ರಮಾಣ ಇಳಿಯಿತು. ಆದರೆ ಎರಡು ಮೂರು ವರ್ಷಗಳ ನಂತರವೂ ಮಕ್ಕಳ ಕಲಿಕೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಈ ಅಧ್ಯಯನವನ್ನು ಹಿಡಿದು ಶಿಕ್ಷಕರಿಗೆ ಹೆಚ್ಚಿನ ಸಂಬಳ ಬೇಡ ಎಂದು ವಾದಿಸುವುದು ಅನ್ಯಾಯ. ಒಳ್ಳೆಯ ಸಂಬಳವು ಮುಂದಿನ ಪೀಳಿಗೆಯಲ್ಲಿ ಯಾರು ಈ ವೃತ್ತಿಗೆ ಬರುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ಬದಲಿಸಬಹುದು, ಮತ್ತು ಆ ಬದಲಾವಣೆ ಎರಡು ವರ್ಷದಲ್ಲಿ ಕಾಣುವಂಥದ್ದಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಮಾಡಿದ ವಿಂಗಡಣೆ ಇಲ್ಲಿ ನೆರವಾಗುತ್ತದೆ: ಸಂಬಳ, ಕೆಲಸದ ಸ್ಥಳ, ಮೇಲ್ವಿಚಾರಣೆ ಇವು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದರೆ ಅಸಮಾಧಾನ ಹೋಗುತ್ತದೆ, ಆದರೆ ಕೆಲಸದಲ್ಲಿ ತೊಡಗುವಂತೆ ಮಾಡುವುದು ಸಾಧನೆ, ಮನ್ನಣೆ, ಜವಾಬ್ದಾರಿ ಮತ್ತು ಕೆಲಸವೇ. ತಿಂಗಳುಗಟ್ಟಲೆ ಸಂಬಳ ತಡವಾಗುವ ಶಾಲೆಯಲ್ಲಿ ಪ್ರೇರಣೆಯ ಬಗ್ಗೆ ಕಾರ್ಯಾಗಾರ ನಡೆಸುವುದು ಶಿಕ್ಷಕರಿಗೆ ಮಾಡುವ ಅವಮಾನ. ಮೊದಲು ಸಂಬಳ ಸರಿಯಾದ ದಿನ ಕೈಗೆ ಬರಲಿ.

ಫಲಿತಾಂಶಕ್ಕೆ ತಕ್ಕಂತೆ ಬೋನಸ್ ಕೊಟ್ಟರೆ ಹೇಗೆ?

ಈ ವಿಚಾರಕ್ಕೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ 1862ರಿಂದ 1890ರ ದಶಕದವರೆಗೆ ಶಾಲೆಗಳಿಗೆ ಸಿಗುವ ಸರ್ಕಾರಿ ಅನುದಾನದ ಬಹುಭಾಗವು ಮಕ್ಕಳ ಹಾಜರಿಯ ಮೇಲೆ ಮತ್ತು ಓದು, ಬರಹ, ಲೆಕ್ಕಗಳಲ್ಲಿ ಇನ್ಸ್‌ಪೆಕ್ಟರ್ ನಡೆಸುವ ಪರೀಕ್ಷೆಯ ಮೇಲೆ ನಿಂತಿತ್ತು. ಪಾಠಗಳು ಆ ಮೂರು ವಿಷಯಗಳಿಗೆ ಕುಗ್ಗಿದವು, ಬಾಯಿಪಾಠ ಬೆಳೆಯಿತು, ಮಕ್ಕಳು ಓದುವ ಪುಸ್ತಕವನ್ನು ಅರ್ಥ ಮಾಡಿಕೊಳ್ಳದೆ ಕಂಠಪಾಠ ಮಾಡಿ ಇನ್ಸ್‌ಪೆಕ್ಟರ್ ಮುಂದೆ ಒಪ್ಪಿಸುವ ಸ್ಥಿತಿ ಬಂತು. ಸ್ವತಃ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು.

ಇತ್ತೀಚಿನ ಪ್ರಯೋಗಗಳು ಒಂದೇ ಉತ್ತರ ಕೊಡುವುದಿಲ್ಲ. ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಕ್ಕಳ ಸುಧಾರಣೆಗೆ ತಕ್ಕಂತೆ ವಾರ್ಷಿಕ ಸಂಬಳದ ಸುಮಾರು ಶೇ 3ರಷ್ಟು ಬೋನಸ್ ಇತ್ತು. ಎರಡು ವರ್ಷಗಳಲ್ಲಿ ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು ಏರಿಕೆ ಬಂತು. 100 ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುವೆ ನಿಂತಿದ್ದ ಮಗು ಗಣಿತದಲ್ಲಿ ಹತ್ತು ಸ್ಥಾನ ಮುಂದಕ್ಕೆ ಹೋದಂತೆ. ಬೋನಸ್‌ಗೆ ಸೇರದ ವಿಜ್ಞಾನ ಮತ್ತು ಸಮಾಜ ವಿಷಯಗಳಲ್ಲೂ ಅಂಕ ಏರಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಶಿಕ್ಷಕರ ಗೈರುಹಾಜರಿ ಇಳಿದಿರಲಿಲ್ಲ. ಶಾಲೆಗೆ ಬಂದ ದಿನಗಳಲ್ಲಿ ಅವರು ಹೆಚ್ಚುವರಿ ತರಗತಿ ತೆಗೆದುಕೊಂಡಿದ್ದರು, ಅಭ್ಯಾಸ ಪರೀಕ್ಷೆಗಳನ್ನು ಕೊಟ್ಟಿದ್ದರು.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2006ರಿಂದ ಮೂರು ವರ್ಷ ನಡೆದ ಪ್ರಯೋಗದಲ್ಲಿ ಮಾಧ್ಯಮಿಕ ತರಗತಿಗಳ ಗಣಿತ ಶಿಕ್ಷಕರಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಬೋನಸ್ ಇದ್ದರೂ ಒಟ್ಟಾರೆ ಫಲಿತಾಂಶ ಏರಲಿಲ್ಲ. ಕೀನ್ಯಾದಲ್ಲಿ ಶಾಲೆಯ ಫಲಿತಾಂಶ ಆಧರಿಸಿ ಶಿಕ್ಷಕರಿಗೆ ಬಹುಮಾನ ಕೊಟ್ಟಾಗ, ಬಹುಮಾನಕ್ಕೆ ಸಂಬಂಧಿಸಿದ ಪರೀಕ್ಷೆಯ ಅಂಕಗಳು ಏರಿದವು, ಆದರೆ ಏರಿಕೆ ಉಳಿಯಲಿಲ್ಲ; ಪರೀಕ್ಷೆಗೆ ಮೊದಲು ಸಿದ್ಧತಾ ತರಗತಿಗಳು ಹೆಚ್ಚಿದ್ದವೇ ಹೊರತು ಹಾಜರಿಯಾಗಲಿ ಮನೆಗೆಲಸವಾಗಲಿ ಹೆಚ್ಚಿರಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಶಿಕ್ಷಕರ ಕೈಯಲ್ಲಿ ಎಷ್ಟು ಬಳಕೆಯಾಗದ ಅವಕಾಶ ಉಳಿದಿತ್ತು ಎಂಬುದರಲ್ಲಿದೆ ಎಂದು ನನಗೆ ತೋರುತ್ತದೆ. ಸ್ವಲ್ಪ ಹೆಚ್ಚು ಪ್ರಯತ್ನದಿಂದಲೇ ಫಲ ಬರುವಂತಿದ್ದ ಕಡೆ ಹಣದ ಆಸೆ ಕೆಲಸ ಮಾಡಿತು. ಆಗಲೇ ಸಾಧ್ಯವಾದಷ್ಟು ದುಡಿಯುತ್ತಿದ್ದು, ಇನ್ನೇನು ಮಾಡಬೇಕೆಂದು ತಿಳಿಯದಿದ್ದ ಕಡೆ ಹಣದಿಂದ ದಾರಿ ಕಾಣಲಿಲ್ಲ. ಅಪಾಯವಂತೂ ಎಲ್ಲ ಕಡೆಯೂ ಇದೆ. ಷಿಕಾಗೊ ಶಾಲೆಗಳ ಪರೀಕ್ಷಾ ದತ್ತಾಂಶವನ್ನು ಪರಿಶೀಲಿಸಿದ ಬ್ರಯಾನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್ ಅವರು, ವರ್ಷಕ್ಕೆ ಕನಿಷ್ಠ ಶೇ 4ರಿಂದ 5ರಷ್ಟು ಪ್ರಾಥಮಿಕ ತರಗತಿಗಳಲ್ಲಿ ಶಿಕ್ಷಕರು ಅಥವಾ ಆಡಳಿತದವರೇ ಅಂಕಗಳನ್ನು ತಿದ್ದಿರುವ ಗಂಭೀರ ಪ್ರಕರಣಗಳಿವೆ ಎಂದು 2003ರಲ್ಲಿ ಅಂದಾಜಿಸಿದರು.

ಹಾಜರಿಯನ್ನು ಕಟ್ಟುನಿಟ್ಟು ಮಾಡಿದರೆ ಪ್ರೇರಣೆ ಬರುತ್ತದೆಯೇ?

ಪ್ರೇರಣೆ ಬರುವುದು ಖಚಿತವಿಲ್ಲ, ಆದರೆ ಕಲಿಕೆ ಹೆಚ್ಚಬಹುದು. ರಾಜಸ್ಥಾನದ ಉದಯಪುರದ ಸುತ್ತ ಸೇವಾ ಮಂದಿರ್ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳಲ್ಲಿ ಎಸ್ತೆರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಶಾಲೆ ಶುರುವಾದಾಗ ಮತ್ತು ಮುಗಿದಾಗ ಮಕ್ಕಳೊಂದಿಗೆ ಶಿಕ್ಷಕರ ಫೋಟೊ ತೆಗೆಸಿ, ದಿನಗಳ ಲೆಕ್ಕದಲ್ಲಿ ಸಂಬಳ ಕೊಡಲಾಯಿತು. ಗೈರುಹಾಜರಿ ಶೇ 42 ಇದ್ದಲ್ಲಿ ಶೇ 21ಕ್ಕೆ ಇಳಿಯಿತು, ಮಕ್ಕಳ ಅಂಕ 0.17 ಮಾನಕ ವಿಚಲನೆಯಷ್ಟು ಏರಿತು. ಶಿಕ್ಷಕರೇ ಬಾರದ ಕಡೆ ಅವರು ಬರುವಂತೆ ಮಾಡುವುದು ಮೊದಲ ಕೆಲಸ. ಆದರೆ ನಿತ್ಯ ಬಂದು ದುಡಿಯುವವರ ಮೇಲೆ ಇದೇ ಬಗೆಯ ಕಣ್ಗಾವಲು ಹೇರಿದರೆ, ಅದು ಅವರಿಗೆ ಅಪನಂಬಿಕೆಯ ಸೂಚನೆಯಾಗಿಯೇ ಕಾಣುತ್ತದೆ.

ಒಳ್ಳೆಯ ಹುಮ್ಮಸ್ಸಿನಿಂದ ವೃತ್ತಿಗೆ ಬಂದವರಲ್ಲೂ ಪ್ರೇರಣೆ ಕುಗ್ಗುವುದು ಏಕೆ?

ಕುಗ್ಗುವುದು ಒಂದೇ ದಿನದಲ್ಲಲ್ಲ, ಮತ್ತು ಬಹಳ ಸಲ ಅದಕ್ಕೆ ಮಕ್ಕಳು ಕಾರಣರಲ್ಲ. ಬೋಧನೆಗೆ ಸಂಬಂಧವಿಲ್ಲದ ದಾಖಲೆ, ಅಂಕಿಅಂಶ, ವರದಿಗಳು ಪಾಠಸಿದ್ಧತೆಯ ಸಮಯವನ್ನು ತಿನ್ನುತ್ತವೆ. ಒಂದು ತರಗತಿಯಲ್ಲಿ ಮಕ್ಕಳ ಮಟ್ಟ ಮೂರ್ನಾಲ್ಕು ವರ್ಷಗಳಷ್ಟು ಹರಡಿಕೊಂಡಿದ್ದರೂ, ‘ಪಠ್ಯ ಮುಗಿಸಿ’ ಎಂಬ ಒಂದೇ ಸೂಚನೆ ಮೇಲಿನಿಂದ ಬರುತ್ತದೆ. ಪಠ್ಯ ಮುಗಿಯುತ್ತದೆ, ಮಕ್ಕಳು ಹಿಂದೆಯೇ ಉಳಿಯುತ್ತಾರೆ, ಮತ್ತು ಅದನ್ನು ಕಣ್ಣಾರೆ ಕಾಣುವವರು ಶಿಕ್ಷಕರೇ. ವರ್ಷದ ನಂತರ ಫಲಿತಾಂಶದ ಸಭೆಯಲ್ಲಿ ವಿವರಣೆ ಕೊಡಬೇಕಾದವರೂ ಅವರೇ. ಮಾಡಲಾಗದ ಕೆಲಸಕ್ಕೆ ಹೊಣೆಗಾರರಾಗುವುದು ಮನುಷ್ಯನನ್ನು ಬೇಗ ಸೋಲಿಸುತ್ತದೆ.

ಕೆನಡಾದ ಲುಕ್ ಪೆಲೆಟಿಯರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸರಪಳಿಯನ್ನು ಸ್ಪಷ್ಟಪಡಿಸುತ್ತದೆ. ಮೇಲಧಿಕಾರಿಗಳಿಂದ ಮತ್ತು ಪಠ್ಯಕ್ರಮದಿಂದ ಒತ್ತಡವಿದೆ ಎಂದು ಶಿಕ್ಷಕರಿಗೆ ಅನ್ನಿಸಿದಷ್ಟೂ, ಮಕ್ಕಳಲ್ಲಿ ಆಸಕ್ತಿಯಿಲ್ಲ ಎಂದು ಅನ್ನಿಸಿದಷ್ಟೂ ಅವರ ಸ್ವಯಂಪ್ರೇರಣೆ ಕಡಿಮೆಯಿತ್ತು. ಅದು ಕಡಿಮೆಯಾದಷ್ಟೂ ಅವರು ಮಕ್ಕಳನ್ನು ನಿಯಂತ್ರಿಸುವ ಕಡೆಗೆ ವಾಲುತ್ತಿದ್ದರು. ಮೇಲಿನ ಒತ್ತಡ ಹೀಗೆ ಕೊನೆಗೆ ಹಿಂದಿನ ಬೆಂಚಿನ ಮಗುವಿನ ಮೇಲೆ ಇಳಿಯುತ್ತದೆ.

ದೀರ್ಘಕಾಲದ ಒತ್ತಡವು ಸಂಪೂರ್ಣ ದಣಿವಿಗೆ ತಿರುಗಬಹುದು. ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಲಕ್ಷಣಗಳನ್ನು ಗುರುತಿಸಿದ್ದಾರೆ: ಭಾವನಾತ್ಮಕವಾಗಿ ಬರಿದಾಗುವುದು, ಎದುರಿಗಿರುವ ಜನರ ಬಗ್ಗೆ ನಿರ್ಲಿಪ್ತತೆ, ಮತ್ತು ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲ ಎಂಬ ಭಾವ. ಎರಡನೆಯ ಲಕ್ಷಣವನ್ನು ಶಾಲೆಗಳಲ್ಲಿ ಸೋಮಾರಿತನವೆಂದು ತಪ್ಪಾಗಿ ಓದಲಾಗುತ್ತದೆ, ಮತ್ತು ನೋಟಿಸ್ ಕೊಟ್ಟು ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಲಾಗುತ್ತದೆ. ದಣಿದವರಿಗೆ ಬೇಕಾಗಿರುವುದು ಹೊರೆ ಇಳಿಸುವ ಕೈ.

ಮಕ್ಕಳ ಸಾಧನೆಯಿಂದಲೂ ಶಿಕ್ಷಕರ ಪ್ರೇರಣೆ ಬದಲಾಗುವುದಿಲ್ಲವೇ?

ಖಂಡಿತ ಬದಲಾಗುತ್ತದೆ. ಕಲಿಯುವ ಮಕ್ಕಳು ಕಲಿಸುವವರನ್ನು ಎತ್ತಿ ಹಿಡಿಯುತ್ತಾರೆ. ಆದ್ದರಿಂದಲೇ, ಪ್ರೇರಣೆಯಿರುವ ಶಿಕ್ಷಕರ ತರಗತಿಗಳಲ್ಲಿ ಅಂಕಗಳು ಹೆಚ್ಚು ಎಂಬ ಸಮೀಕ್ಷೆಯನ್ನು ಮಾತ್ರ ನೋಡಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ತೀರ್ಮಾನಿಸಬಾರದು.

ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿ ಏನು ಮಾಡಬಹುದು?

ಮೊದಲು ತೆಗೆದುಹಾಕಬಹುದಾದುದನ್ನು ತೆಗೆದುಹಾಕಲಿ. ಒಂದೇ ಮಾಹಿತಿಯನ್ನು ಮೂರು ನಮೂನೆಗಳಲ್ಲಿ ಬರೆಸುವುದು, ಪಾಠದ ನಡುವೆ ಶಿಕ್ಷಕರನ್ನು ಕಚೇರಿಗೆ ಕರೆಸುವುದು, ಸಭೆಯಲ್ಲಿ ಎಲ್ಲರೆದುರು ಹೆಸರು ಹಿಡಿದು ಗದರಿಸುವುದು ಇವು ನಿಂತರೆ ಯಾವ ಖರ್ಚೂ ಇಲ್ಲದೆ ಅರ್ಧ ಸಮಸ್ಯೆ ಹಗುರಾಗುತ್ತದೆ.

ಎರಡನೆಯದಾಗಿ, ಶಿಕ್ಷಕರು ಪರಸ್ಪರ ತರಗತಿಗಳನ್ನು ನೋಡುವ, ಒಟ್ಟಿಗೆ ಪಾಠ ಯೋಜಿಸುವ ಸಮಯವನ್ನು ವೇಳಾಪಟ್ಟಿಯಲ್ಲಿಯೇ ಇಡಬೇಕು. ಶಾಲೆ ಬಿಟ್ಟ ಮೇಲೆ ಮಾಡಿಕೊಳ್ಳಿ ಎಂದರೆ ಅದು ನಡೆಯುವುದಿಲ್ಲ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪಾಪೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಹೋದ್ಯೋಗಿಗಳ ಸಹಕಾರ, ಶಿಸ್ತು, ನಾಯಕತ್ವ ಚೆನ್ನಾಗಿರುವ ಶಾಲೆಗಳಲ್ಲಿ ಶಿಕ್ಷಕರು ವರ್ಷಗಳು ಕಳೆದಂತೆ ಹೆಚ್ಚು ಪರಿಣಾಮಕಾರಿಯಾಗುತ್ತಾ ಹೋಗುತ್ತಾರೆ. ಬೆಂಬಲವಿಲ್ಲದ ಶಾಲೆಗಳಲ್ಲಿ ಆ ಬೆಳವಣಿಗೆ ಕೆಲವೇ ವರ್ಷಗಳಲ್ಲಿ ಮಂದವಾಗುತ್ತದೆ. ಅನುಭವ ತಾನಾಗಿ ಯಾರನ್ನೂ ಒಳ್ಳೆಯ ಶಿಕ್ಷಕರನ್ನಾಗಿ ಮಾಡುವುದಿಲ್ಲ, ಅನುಭವ ಎಲ್ಲಿ ಆಯಿತು ಎಂಬುದು ಮುಖ್ಯ.

ಮೂರನೆಯದಾಗಿ, ಶಿಕ್ಷಕರು ಬಿಟ್ಟುಹೋಗುವುದನ್ನು ಹಗುರವಾಗಿ ಕಾಣಬಾರದು. ನ್ಯೂಯಾರ್ಕ್ ನಗರದ ನಾಲ್ಕು ಮತ್ತು ಐದನೆಯ ತರಗತಿಗಳ ದತ್ತಾಂಶವನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಿಕ್ಷಕರು ಹೆಚ್ಚಾಗಿ ಬದಲಾಗುವ ಕಡೆ, ಬದಲಾಗದೆ ಉಳಿದ ಶಿಕ್ಷಕರ ವಿದ್ಯಾರ್ಥಿಗಳ ಅಂಕಗಳೂ ಕುಸಿಯುತ್ತವೆ ಎಂದು ತೋರಿಸಿದೆ.

ಮನ್ನಣೆಯ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆ ಹಾರ ಹಾಕಿ ಸನ್ಮಾನಿಸುವುದಕ್ಕಿಂತ, ‘ನಿಮ್ಮ ತರಗತಿಯಲ್ಲಿ ಕಳೆದ ತಿಂಗಳು ಓದಲಾಗದಿದ್ದ ಆ ಮೂವರು ಮಕ್ಕಳು ಈಗ ಓದುತ್ತಿದ್ದಾರೆ, ನೀವು ಏನು ಮಾಡಿದಿರಿ?’ ಎಂದು ಮುಖ್ಯೋಪಾಧ್ಯಾಯರು ನಿಂತು ಕೇಳುವುದು ಶಿಕ್ಷಕರ ಮನಸ್ಸಿಗೆ ಹೆಚ್ಚು ನಾಟುತ್ತದೆ, ಏಕೆಂದರೆ ಅಲ್ಲಿ ಯಾರೋ ಕೆಲಸವನ್ನೇ ನೋಡಿದ್ದಾರೆ.

ನಾನೇ ಶಿಕ್ಷಕ ಅಥವಾ ಶಿಕ್ಷಕಿ. ಆಸಕ್ತಿ ಕುಗ್ಗಿದೆ ಎಂದು ಅನ್ನಿಸಿದರೆ ಎಲ್ಲಿಂದ ಆರಂಭಿಸಲಿ?

ಇಡೀ ಶಾಲೆಯನ್ನು ಬದಲಿಸುವ ಯೋಚನೆಯಿಂದಲ್ಲ, ಒಂದು ತರಗತಿಯ ಒಂದು ಚಿಕ್ಕ ಗುರಿಯಿಂದ ಆರಂಭಿಸಿ. ಹಿಂದುಳಿದ ನಾಲ್ಕೈದು ಮಕ್ಕಳನ್ನು ಆರಿಸಿಕೊಂಡು, ಅವರಿಗೆ ಬರದ ಒಂದೇ ಒಂದು ಅಂಶವನ್ನು, ಉದಾಹರಣೆಗೆ ಒತ್ತಕ್ಷರವಿರುವ ಪದಗಳನ್ನು ಓದುವುದನ್ನೋ ಕಳೆಯುವಾಗ ದಶಕ ತೆಗೆದುಕೊಳ್ಳುವುದನ್ನೋ, ಮೂರು ವಾರ ದಿನಕ್ಕೆ ಹತ್ತು ನಿಮಿಷ ಕಲಿಸಿ, ಮೊದಲ ದಿನದ ಮತ್ತು ಕೊನೆಯ ದಿನದ ಅವರ ಬರಹವನ್ನು ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಕಾಣುವ ಬದಲಾವಣೆ ಕೊಡುವ ಬಲವನ್ನು ಬೇರಾವುದೂ ಕೊಡುವುದಿಲ್ಲ. ವಿಶ್ವಾಸವಿರುವ ಒಬ್ಬ ಸಹೋದ್ಯೋಗಿಯೊಂದಿಗೆ ಅದನ್ನು ಹಂಚಿಕೊಳ್ಳಿ. ನಿದ್ರೆ ಕೆಟ್ಟಿದ್ದರೆ, ಬೆಳಿಗ್ಗೆ ಶಾಲೆಯ ನೆನಪಾದೊಡನೆ ಭಯವಾಗುತ್ತಿದ್ದರೆ, ಮಕ್ಕಳ ಮೇಲೆ ಅಕಾರಣ ಸಿಟ್ಟು ಬರುತ್ತಿದ್ದರೆ ಅದು ಆರೋಗ್ಯದ ವಿಷಯ. ಸಂಕೋಚವಿಲ್ಲದೆ ವೈದ್ಯರನ್ನು ಕಾಣಿ.

ಪೋಷಕರ ಪಾತ್ರವೇನು?

ದೂರು ಇದ್ದಾಗ ಮಾತ್ರ ಶಾಲೆಗೆ ಹೋಗುವ ರೂಢಿಯನ್ನು ಬಿಡಬೇಕು. ಮಗು ಮನೆಯಲ್ಲಿ ಪಾಠದ ಬಗ್ಗೆ ಸಂತೋಷದಿಂದ ಹೇಳಿದ ಮಾತನ್ನು ಶಿಕ್ಷಕರಿಗೂ ತಿಳಿಸಿ. ಮಗುವಿನ ಎದುರು ಶಿಕ್ಷಕರನ್ನು ಹೀಗಳೆಯಬೇಡಿ. ನಿಜವಾದ ಆಕ್ಷೇಪವಿದ್ದರೆ ನೇರವಾಗಿ, ಗೌರವದಿಂದ ಮಾತನಾಡಿ.

ಶಿಕ್ಷಕರ ಪ್ರೇರಣೆಯನ್ನು ಅಳೆಯುವುದು ಹೇಗೆ?

ಪ್ರಶ್ನಾವಳಿಗಳಿವೆ, ಮೇಗನ್ ಶಾನೆನ್-ಮೊರಾನ್ ಮತ್ತು ಅನಿತಾ ವುಲ್ಫೋಕ್ ಹೋಯ್ 2001ರಲ್ಲಿ ರೂಪಿಸಿದ ಅಳತೆಪಟ್ಟಿ ಬೋಧನೆ, ತರಗತಿ ನಿರ್ವಹಣೆ ಮತ್ತು ಮಕ್ಕಳನ್ನು ತೊಡಗಿಸುವುದು ಎಂಬ ಮೂರು ಕ್ಷೇತ್ರಗಳಲ್ಲಿ ಶಿಕ್ಷಕರ ಆತ್ಮವಿಶ್ವಾಸವನ್ನು ಕೇಳುತ್ತದೆ. ಆದರೆ ಉತ್ತರ ಬರೆಯುವವರು ಅದನ್ನು ಮೇಲಧಿಕಾರಿ ಓದುತ್ತಾರೆಂದು ತಿಳಿದಿದ್ದರೆ ಉತ್ತರಗಳಿಗೆ ಬೆಲೆಯಿಲ್ಲ, ಆದ್ದರಿಂದ ಹೆಸರಿಲ್ಲದೆ ಕೇಳಬೇಕು. ಪ್ರಶ್ನಾವಳಿಗಿಂತ ತಿದ್ದಿದ ನೋಟ್‌ಬುಕ್‌ಗಳು, ಪಾಠದ ಸಿದ್ಧತೆ ಮತ್ತು ಹಿಂದುಳಿದ ಮಕ್ಕಳಿಗೆ ಸಿಗುವ ಪ್ರಶ್ನೆಗಳ ಸಂಖ್ಯೆ ಹೆಚ್ಚು ನಂಬಲರ್ಹ ಗುರುತುಗಳೆಂಬುದು ನನ್ನ ಅಭಿಪ್ರಾಯ. ಈ ಅಳತೆಯನ್ನು ಬಡ್ತಿಗೋ ಶಿಕ್ಷೆಗೋ ಜೋಡಿಸಿದ ಕೂಡಲೇ ಅದು ಕೆಡುತ್ತದೆ.

ಹಾಗಾದರೆ ಮಕ್ಕಳ ಕಡಿಮೆ ಅಂಕಗಳಿಗೆ ಶಿಕ್ಷಕರನ್ನೇ ಹೊಣೆ ಮಾಡಬಹುದೇ?

ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್ಮನ್ ನೇತೃತ್ವದ ಬೃಹತ್ ವರದಿಯು, ಮಕ್ಕಳ ಸಾಧನೆಯ ವ್ಯತ್ಯಾಸಗಳಲ್ಲಿ ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಯ ಪಾತ್ರ ದೊಡ್ಡದೆಂದು ಹೇಳಿತು. ಮನೆಯ ಬಡತನ, ಪೌಷ್ಟಿಕತೆ, ಹಿಂದಿನ ತರಗತಿಗಳಲ್ಲಿ ಉಳಿದುಬಂದ ಕೊರತೆ ಇವೆಲ್ಲವೂ ಶಿಕ್ಷಕರ ತರಗತಿಗೆ ಮಗುವಿನೊಂದಿಗೇ ಬರುತ್ತವೆ. ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಇಡಬೇಕು: ರಾಜ್ ಚೆಟ್ಟಿ, ಜಾನ್ ಫ್ರೀಡ್‌ಮನ್ ಮತ್ತು ಜೋನಾ ರಾಕಾಫ್ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಮಕ್ಕಳ ಅಂಕಗಳನ್ನು ಹೆಚ್ಚು ಏರಿಸಿದ ಶಿಕ್ಷಕರ ಕೈಕೆಳಗೆ ಕಲಿತವರು ಕಾಲೇಜಿಗೆ ಹೋಗುವ ಸಾಧ್ಯತೆಯೂ ಮುಂದೆ ಅವರ ಗಳಿಕೆಯೂ ಹೆಚ್ಚಿತ್ತು.

ಆದ್ದರಿಂದ ವರ್ಷದ ಕೊನೆಯ ಅಂಕಗಳನ್ನಷ್ಟೇ ಹಿಡಿದು ಶಿಕ್ಷಕರನ್ನು ಪ್ರಶ್ನಿಸುವುದು ನ್ಯಾಯವಲ್ಲ. ಜೂನ್‌ನಲ್ಲಿ ಮಗು ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು, ಆ ನಡುವೆ ಶಿಕ್ಷಕರಿಗೆ ಎಷ್ಟು ದಿನ ಪಾಠ ಮಾಡಲು ಬಿಡಲಾಯಿತು, ಸಹಾಯ ಕೇಳಿದಾಗ ಯಾರು ಬಂದರು ಎಂಬ ಪ್ರಶ್ನೆಗಳನ್ನು ಅದೇ ಸಭೆಯಲ್ಲಿ, ಅದೇ ಮೇಜಿನ ಮೇಲೆ, ಆಡಳಿತದವರ ಮುಂದೆಯೂ ಇಡಬೇಕು.